ಇಬ್ಬನಿ ಗಿಡಕ್ಕೆ ಗೊಬ್ಬರ ಬೇಡ

(ಮಹಿಳಾ ವೇದಿಕೆಯ ಮಳೆಗಾಲದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೈತೋಟದ ಬಗ್ಗೆ ಏನಾದರೂ ಮಾತನಾಡಿ ಎಂದು ಕೇಳಿದ್ದೀರಿ. ಗುಲಾಬಿ, ದಾಸವಾಳ, ತುಳಸಿ, ಮಲ್ಲಿಗೆ ಇವುಗಳನ್ನು ನನಗಿಂತ ಚೆನ್ನಾಗಿ ಬೆಳೆಸುವವರು ಈ ಸಭೆಯಲ್ಲೇ ಇದ್ದೀರಿ. ಅದಕ್ಕೇ ಇಂದು ಕೈತೋಟದ ಯಾವ ನಿಯಮಕ್ಕೂ ಬಗ್ಗದ ಒಂದು ಪುಟ್ಟ ಗಿಡವನ್ನು ನಿಮಗೆ ಪರಿಚಯಿಸುತ್ತೇನೆ. ಅದು ಕೀಟಗಳನ್ನು ಹಿಡಿದು ತಿನ್ನುವ ಗಿಡ. ನಮ್ಮ ಪುಣೆಯಿಂದ ಮೂರು ತಾಸಿನ ದಾರಿಯಲ್ಲಿ, ಸಾತಾರೆಯ ಮೇಲಿನ ಕಾಸ್ ಪಠಾರದಲ್ಲಿ ಮಳೆಗಾಲದಲ್ಲಿ ತಾನಾಗಿ ಬೆಳೆಯುತ್ತದೆ. ನಮ್ಮಲ್ಲಿ ಅನೇಕರು ಕಾಸ್‌ಗೆ ಹೋಗಿ ಹೂವಿನ ಫೋಟೋ ತೆಗೆದು ಬಂದಿದ್ದೀರಿ. ಆದರೆ ಕಾಲ ಬುಡದಲ್ಲೇ ಇದ್ದ ಈ ಗಿಡವನ್ನು ಕಂಡವರು ಕಡಿಮೆ ಎಂದುಕೊಂಡಿದ್ದೇನೆ. ಏಕೆಂದರೆ ಇದರಲ್ಲಿ ಒಂದು ಜಾತಿ ಇಡೀ ಗಿಡವೇ ಎರಡು ರೂಪಾಯಿ ನಾಣ್ಯದಷ್ಟು ಅಗಲ ಇರುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ಸನ್‌ಡ್ಯೂ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಡ್ರಾಸೆರಾ. ಅದು ಇಬ್ಬನಿ ತುಂಬಿದ್ದು ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು. ಮರಾಠಿಯಲ್ಲಿ ದವಬಿಂದು ಎನ್ನುತ್ತಾರೆ. ದವ ಎಂದರೆ ಇಬ್ಬನಿ, ನಿಮಗೆ ಗೊತ್ತೇ ಇದೆ. ನಾನು ಇಲ್ಲಿ ಇಬ್ಬನಿ ಗಿಡ ಎಂದೇ ಕರೆಯುತ್ತೇನೆ. ಮೂರು ಭಾಷೆಯವರೂ ಮೊದಲು ನೋಡಿದ್ದು ಒಂದನ್ನೇ: ಎಲೆಯ ಮೇಲೆ ಮಧ್ಯಾಹ್ನವಾದರೂ ಆರದ ಹನಿಗಳು.

ಆ ಹನಿ ನೀರಲ್ಲ, ಅಂಟು. ಎಲೆಯ ತುಂಬ ಕೂದಲಿನಂಥ ಎಳೆಗಳಿವೆ, ಪ್ರತಿ ಎಳೆಯ ತುದಿಯಲ್ಲಿ ಕೆಂಪು ಗುಂಡು ತಲೆ. ಆ ತಲೆಯಿಂದ ಅಂಟು ಒಸರಿ ಹನಿಯಾಗಿ ನಿಲ್ಲುತ್ತದೆ. ಬಿಸಿಲಿಗೆ ಮಿನುಗುವ ಹನಿಗೆ ಮರುಳಾಗಿ ಸೊಳ್ಳೆಗಿಂತ ಸಣ್ಣ ನೊಣವೊಂದು ಬಂದು ಕೂತಿತು ಎನ್ನಿ. ಕಾಲು ಅಂಟಿತು. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ಪಕ್ಕದ ಎಳೆಗಳಿಗೂ ಅಂಟುತ್ತದೆ. ಆ ಒದ್ದಾಟವೇ ಗಿಡಕ್ಕೆ ಸೂಚನೆ. ಸುತ್ತಲಿನ ಎಳೆಗಳು ಒಂದೊಂದಾಗಿ ಅದರ ಕಡೆಗೆ ಬಾಗುತ್ತವೆ. ಕೆಲವು ಜಾತಿಗಳಲ್ಲಿ ಇಡೀ ಎಲೆಯೇ ಮಡಚಿಕೊಳ್ಳುತ್ತದೆ. ಕೀಟಗಳು ಉಸಿರಾಡುವುದು ಮೈಮೇಲಿನ ಸಣ್ಣ ರಂಧ್ರಗಳಿಂದ. ಅಂಟು ಅವನ್ನು ಮುಚ್ಚಿದಾಗ ಕೀಟ ಉಸಿರುಕಟ್ಟಿ ಸಾಯುತ್ತದೆ. ಆಮೇಲೆ ಎಲೆ ಕಿಣ್ವಗಳನ್ನು ಸುರಿಸಿ ಅದನ್ನು ಕರಗಿಸಿ ಹೀರಿಕೊಳ್ಳುತ್ತದೆ. ಕೆಲವು ದಿನಗಳ ನಂತರ ಎಳೆಗಳು ಮತ್ತೆ ನೆಟ್ಟಗಾಗುತ್ತವೆ. ಕೀಟದ ಒಣ ಹೊರಕವಚ ಮಾತ್ರ ಎಲೆಯ ಮೇಲೆ ಉಳಿದಿರುತ್ತದೆ.

ಹಾಗಾದರೆ ಈ ಗಿಡಕ್ಕೆ ಹೊಟ್ಟೆ ತುಂಬುವುದು ಕೀಟದಿಂದಲೇ? ಅಲ್ಲ. ಬೇರೆಲ್ಲ ಹಸಿರು ಗಿಡಗಳಂತೆ ಇದೂ ಬಿಸಿಲಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಕೀಟದಿಂದ ಬೇಕಾದದ್ದು ಸಾರಜನಕ ಮತ್ತು ರಂಜಕ. ನಮ್ಮ ಊಟದ ಲೆಕ್ಕದಲ್ಲಿ ಹೇಳುವುದಾದರೆ ಅನ್ನ ಮನೆಯದು, ಬೇಳೆ ಮಾತ್ರ ಹೊರಗಿನದು.

ಬೇರೆ ಗಿಡಗಳು ಈ ಎರಡನ್ನೂ ಮಣ್ಣಿನಿಂದ ಪಡೆಯುತ್ತವೆ. ಇದಕ್ಕೇಕೆ ಆಗುವುದಿಲ್ಲ ಎನ್ನುವುದು ತಿಳಿಯಬೇಕಾದರೆ ಕಾಸ್ ನೆಲವನ್ನು ನೋಡಬೇಕು. ಸುಮಾರು 1,200 ಮೀಟರ್ ಎತ್ತರದಲ್ಲಿ ಚಪ್ಪಟೆಯಾಗಿ ಹರಡಿದ ಕೆಂಪು ಜಂಬಿಟ್ಟಿಗೆ ಕಲ್ಲು. ಅದರ ಮೇಲೆ ಹಲವೆಡೆ ಬೆರಳುದ್ದದಷ್ಟೂ ಮಣ್ಣಿಲ್ಲ. ಜೂನ್‌ನಿಂದ ಸುರಿಯುವ ಮಳೆ ಇದ್ದ ಸತ್ವವನ್ನೂ ತೊಳೆದುಕೊಂಡು ಹೋಗುತ್ತದೆ. ನಾಲ್ಕು ತಿಂಗಳು ನೀರು ನಿಂತ ಕಲ್ಲು, ಉಳಿದ ಕಾಲ ಕಾದ ಹೆಂಚು. ಮರ ಬೇರೂರಲಾರದು, ದೊಡ್ಡ ಪೊದೆಯೂ ನಿಲ್ಲಲಾರದು. ಇಂಥಲ್ಲಿ ಬದುಕಲು ಇಬ್ಬನಿ ಗಿಡ ಬೇರೆ ದಾರಿ ಹಿಡಿಯಿತು. ಬೇರಿಗೆ ನೀರು ಹೀರುವ ಕೆಲಸ, ನೆಲ ಹಿಡಿಯುವ ಕೆಲಸ ಮಾತ್ರ ಉಳಿಯಿತು. ಉಣ್ಣುವ ಕೆಲಸ ಎಲೆಗೆ ಬಂತು. ಈ ಒಂದು ಮಾತನ್ನು ನೆನಪಿಡಿ. ಆರೈಕೆಯ ವಿಷಯ ಬಂದಾಗ ಎಲ್ಲವೂ ಇದರ ಮೇಲೆಯೇ ನಿಂತಿದೆ.

ಕಾಸ್‌ನಲ್ಲಿ ಇನ್ನೊಂದು ಕೀಟಾಹಾರಿಯೂ ಇದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪಠಾರವನ್ನು ನೇರಳೆಯಾಗಿಸುವ ಪುಟ್ಟ ಹೂವು, ಮರಾಠಿಯಲ್ಲಿ ಸೀತೇಚಿ ಆಸವೆ, ಅಂದರೆ ಸೀತೆಯ ಕಣ್ಣೀರು. ಶಾಸ್ತ್ರೀಯವಾಗಿ ಯುಟ್ರಿಕ್ಯುಲೇರಿಯಾ. ಇಷ್ಟು ಕರುಣೆಯ ಹೆಸರಿನ ಹೂವು ನೆಲದೊಳಗೆ ಸಾಸಿವೆಗಿಂತ ಸಣ್ಣ ಚೀಲಗಳನ್ನು ಹೊತ್ತಿದೆ. ನೀರಿನಲ್ಲಿನ ಸೂಕ್ಷ್ಮಜೀವಿ ಚೀಲದ ಬಾಯಿಯ ಕೂದಲನ್ನು ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಅದು ಒಳಗಿರುತ್ತದೆ. ಕಾಸ್‌ಗೆ ಹೋದವರು ಸೀತೆಯ ಕಣ್ಣೀರಿನ ಹೂವನ್ನು ನೋಡಿಯೇ ಇರುತ್ತೀರಿ. ಮುಂದಿನ ಸಲ ಅದರ ಪಕ್ಕದಲ್ಲೇ ಹುಲ್ಲಿನ ನಡುವೆ ಕೆಂಪಾಗಿ ಮಿನುಗುವುದೇನಾದರೂ ಇದೆಯೇ ಎಂದು ಬಗ್ಗಿ ನೋಡಿ.

ಭಾರತದಲ್ಲಿ ಹೆಚ್ಚಾಗಿ ಕಾಣುವ ಇಬ್ಬನಿ ಗಿಡಗಳು ಮೂರು. ಮೊದಲನೆಯದು ಡ್ರಾಸೆರಾ ಬರ್ಮಾನಿ. ರಂಗೋಲಿಯ ಹಾಗೆ ನೆಲಕ್ಕಂಟಿ ಹರಡಿದ ಚಮಚದಾಕಾರದ ಎಲೆಗಳು, ನಡುವಿನಿಂದ ಎದ್ದ ಸಣ್ಣ ದಂಟಿನ ಮೇಲೆ ಬಿಳಿ ಹೂವು. ಗಾತ್ರ ಚಿಕ್ಕದಾದರೂ ಚುರುಕು. ಅಂಚಿನ ಎಳೆಗಳು ಕೆಲವೇ ಸೆಕೆಂಡುಗಳಲ್ಲಿ ಬಾಗುತ್ತವೆ. ಎರಡನೆಯದು ಡ್ರಾಸೆರಾ ಇಂಡಿಕಾ. ಇದು ನೆಟ್ಟಗೆ ಬೆಳೆಯುತ್ತದೆ. ದಾರದಂಥ ಉದ್ದ ಎಲೆಗಳು, ಗುಲಾಬಿ ಅಥವಾ ಬಿಳಿ ಹೂವು. ಮೂರನೆಯದು ಡ್ರಾಸೆರಾ ಪೆಲ್ಟಾಟಾ. ಸಣ್ಣ ಗುರಾಣಿಯಂಥ ಎಲೆಗಳು, ನೆಲದೊಳಗೆ ಪುಟ್ಟ ಗೆಡ್ಡೆ. ಮಳೆ ಮುಗಿದ ಮೇಲೆ ಮೇಲ್ಭಾಗ ಒಣಗಿ, ಗೆಡ್ಡೆ ಮುಂದಿನ ಮಳೆಗೆ ಕಾಯುತ್ತದೆ. ಮೊದಲ ಎರಡು ಸಾಮಾನ್ಯವಾಗಿ ಒಂದೇ ಋತುವಿನ ಗಿಡಗಳು. ಮಳೆಗೆ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಮುಗಿಯುತ್ತವೆ. ಧೂಳಿನಂಥ ಆ ಬೀಜಗಳು ಬೇಸಿಗೆಯಿಡೀ ಕಾದ ಕಲ್ಲಿನ ಸಂದಿಯಲ್ಲಿ ಕಾಯುತ್ತವೆ.

ಇವು ಮಹಾರಾಷ್ಟ್ರದ್ದೇ ಎಂದುಕೊಳ್ಳಬೇಡಿ. ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡಿನ ಕಡೆಯ ಗೆಳತಿಯರಿಗೆ ಪದವು ಎಂದರೆ ಗೊತ್ತು. ಅದೇ ಕೆಂಪು ಮುರಕಲ್ಲಿನ ಬಯಲು, ಅದೇ ಮಳೆನೀರಿನ ಹೊಂಡ. ಅಲ್ಲಿಯೂ ಮಳೆಗಾಲದಲ್ಲಿ ಇಬ್ಬನಿ ಗಿಡ ಏಳುತ್ತದೆ. ಮಲೆನಾಡಿನ ಎತ್ತರದ ಹುಲ್ಲುಗಾವಲುಗಳಲ್ಲೂ ಇದೆ. ಶಾಲೆಗೆ ಪದವು ದಾಟಿ ನಡೆದುಹೋದವರು ಇದನ್ನು ತುಳಿದೇ ಹೋಗಿರಬಹುದು.

ಈ ಪುಟ್ಟ ಗಿಡ ಒಬ್ಬ ದೊಡ್ಡ ವಿಜ್ಞಾನಿಯ ನಿದ್ದೆ ಕೆಡಿಸಿತ್ತು. ಚಾರ್ಲ್ಸ್ ಡಾರ್ವಿನ್ 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಇದರ ಎಲೆಗಳಿಗೆ ಅಂಟಿದ ಕೀಟಗಳನ್ನು ಕಂಡು ಬೆರಗಾದರು. ಅದರ ಹಿಂದಿನ ವರ್ಷವಷ್ಟೇ ಜೀವಜಾತಿಗಳ ಉಗಮದ ಬಗೆಗಿನ ಅವರ ಪುಸ್ತಕ ಬಂದಿತ್ತು. ಲೋಕವೆಲ್ಲ ಅದರ ಬಗ್ಗೆ ಜಗಳವಾಡುತ್ತಿದ್ದರೆ ಅವರು ತಮ್ಮ ಗೆಳೆಯ ಲಯೆಲ್‌ಗೆ, ಸದ್ಯ ನನಗೆ ಎಲ್ಲ ಜೀವಜಾತಿಗಳ ಉಗಮಕ್ಕಿಂತ ಡ್ರಾಸೆರಾ ಮುಖ್ಯ ಎಂಬರ್ಥದಲ್ಲಿ ಬರೆದರು. ಅವರ ಹೆಂಡತಿ ಎಮ್ಮಾ ಕೂಡ ಒಂದು ಪತ್ರದಲ್ಲಿ ತಮಾಷೆ ಮಾಡಿದ್ದಾರೆ: ಇವರು ಈ ಗಿಡವನ್ನು ಪ್ರಾಣಿಯಂತೆಯೇ ನೋಡಿಕೊಳ್ಳುತ್ತಿದ್ದಾರೆ, ಕೊನೆಗೆ ಅದು ಪ್ರಾಣಿಯೇ ಎಂದು ಸಾಧಿಸುತ್ತಾರೋ ಏನೋ ಎಂದು.

ಡಾರ್ವಿನ್ ಎಲೆಗೆ ಹಾಲು, ಮೊಟ್ಟೆಯ ಬಿಳಿ, ಮಾಂಸ, ಸಕ್ಕರೆ, ಪಿಷ್ಟ ಎಲ್ಲವನ್ನೂ ಹಾಕಿ ನೋಡಿದರು. ಸಾರಜನಕ ಇದ್ದ ಪದಾರ್ಥಕ್ಕೆ ಎಲೆ ಬಲವಾಗಿ ಬಾಗಿತು, ಸಕ್ಕರೆ, ಪಿಷ್ಟಗಳಿಗೆ ಸೊಪ್ಪು ಹಾಕಲಿಲ್ಲ. ಮಿಲಿಗ್ರಾಮಿನ ಸಾವಿರದ ಒಂದು ಭಾಗಕ್ಕಿಂತಲೂ ಹಗುರವಾದ ತಲೆಗೂದಲಿನ ತುಣುಕನ್ನೂ ಎಳೆಗಳು ಗುರುತಿಸಿದವು. ಆದರೆ ಮೇಲಿಂದ ಬೀಳುವ ನೀರಹನಿಗೆ ಅವು ಬಾಗಲಿಲ್ಲ. ಮಳೆಯಲ್ಲೇ ಬದುಕುವ ಗಿಡ ಪ್ರತಿ ಹನಿಗೂ ಮೋಸಹೋಗುತ್ತ ಕುಳಿತರೆ ಉಳಿದೀತೇ? ಈ ಎಲ್ಲ ಕೆಲಸ 1875ರಲ್ಲಿ ಕೀಟಾಹಾರಿ ಸಸ್ಯಗಳ ಕುರಿತ ಅವರ ಪುಸ್ತಕವಾಗಿ ಬಂತು.

ನಮ್ಮ ವೇದಿಕೆಯಲ್ಲಿ ಇನ್ನೊಂದು ಹೆಸರನ್ನು ಹೇಳಲೇಬೇಕು. ಅಮೆರಿಕದ ನ್ಯೂಜೆರ್ಸಿಯ ಮೇರಿ ಟ್ರೀಟ್. ಗಂಡನಿಂದ ಬೇರೆಯಾದ ಮೇಲೆ ಪತ್ರಿಕೆಗಳಿಗೆ ಪ್ರಕೃತಿ ಲೇಖನಗಳನ್ನು ಬರೆದು ಬದುಕು ಸಾಗಿಸಿದ ಹೆಣ್ಣುಮಗಳು. ಇಬ್ಬನಿ ಗಿಡವನ್ನೂ ಚೀಲದ ಗಿಡವನ್ನೂ ಗಂಟೆಗಟ್ಟಲೆ ನೋಡಿ, ಕಂಡದ್ದನ್ನು ಡಾರ್ವಿನ್‌ಗೆ ಬರೆಯುತ್ತಿದ್ದರು. ಡಾರ್ವಿನ್ ತಮ್ಮ ಪುಸ್ತಕದಲ್ಲಿ ಅವರ ಹೆಸರು ಹೇಳಿ ಅವರ ಅವಲೋಕನಗಳನ್ನು ಬಳಸಿಕೊಂಡಿದ್ದಾರೆ. ಅವರದು ಮನೆಯಲ್ಲೇ ಮಾಡಿದ ವಿಜ್ಞಾನ. ಬೇಕಾದದ್ದು ತಾಳ್ಮೆ.

ಈಗ ನೀವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಬರುತ್ತೇನೆ. ಇದನ್ನು ಇಟ್ಟರೆ ಮನೆಯ ಸೊಳ್ಳೆ ಹೋಗುತ್ತದೆಯೇ? ಹೋಗುವುದಿಲ್ಲ. ಒಂದೆರಡನ್ನು ಹಿಡಿದೀತು, ಅಷ್ಟೇ. ಸೊಳ್ಳೆಪರದೆ ಬಿಚ್ಚಬೇಡಿ. ಮಕ್ಕಳ ಬೆರಳಿಗೆ ಅಪಾಯವೇ? ಇಲ್ಲ, ಅಪಾಯ ಗಿಡಕ್ಕೆ. ಸುಮ್ಮನೆ ಮುಟ್ಟಿದರೆ ಅಂಟು ಹಾಳಾಗುತ್ತದೆ. ಶುದ್ಧ ಶಾಕಾಹಾರಿಗಳ ಮನೆಯಲ್ಲಿ ಇಡಬಹುದೇ? ನಿಮ್ಮ ಅಡುಗೆಮನೆಯಿಂದ ಅದು ಏನನ್ನೂ ಬೇಡುವುದಿಲ್ಲ, ಧಾರಾಳವಾಗಿ ಇಡಿ.

ಆರೈಕೆಯಲ್ಲಿ ಮೊದಲನೆಯದು ಮಣ್ಣು. ಕೆಂಪು ಮಣ್ಣು, ಸಗಣಿ ಗೊಬ್ಬರ, ಎರೆಗೊಬ್ಬರ, ಅಕ್ಕಿ ತೊಳೆದ ನೀರು, ಚಹಾಪುಡಿ, ಇವುಗಳಲ್ಲಿ ಒಂದೂ ಬೇಡ. ಇಷ್ಟು ಒಳ್ಳೆಯದನ್ನೆಲ್ಲ ಹಾಕಿಯೂ ಗಿಡ ಏಕೆ ಸತ್ತಿತು ಎಂದು ಕೇಳುವವರಿದ್ದಾರೆ. ಹಾಕಿದ್ದರಿಂದಲೇ ಸತ್ತಿತು. ಇದು ಉಣ್ಣುವುದು ಎಲೆಯಿಂದ, ನಾವು ಬಡಿಸಿದ್ದು ಬೇರಿಗೆ. ಬಡನೆಲಕ್ಕೆ ಒಗ್ಗಿದ ಬೇರು ಆ ಲವಣಗಳ ಹೊರೆ ತಾಳಲಾರದೆ ಸುಟ್ಟುಹೋಗುತ್ತದೆ. ಅರ್ಧ ಪೀಟ್ ಮಾಸ್, ಅರ್ಧ ಪರ್ಲೈಟ್ ಅಥವಾ ಚೆನ್ನಾಗಿ ತೊಳೆದ ಸಿಲಿಕಾ ಮರಳು ಸಾಕು. ಕೇವಲ ಸ್ಫ್ಯಾಗ್ನಮ್ ಪಾಚಿಯೂ ಆದೀತು. ಕೋಕೋಪೀಟ್‌ನಲ್ಲಿ ಹಲವು ಸಲ ಉಪ್ಪಿನಂಶ ಇರುತ್ತದೆ. ಅದನ್ನು ಬಳಸಲೇಬೇಕಿದ್ದರೆ ಶುದ್ಧ ನೀರಲ್ಲಿ ಹಲವು ಬಾರಿ ನೆನೆಸಿ, ಹಿಂಡಿ, ಚೆಲ್ಲಿ. ಕುಂಡ ಪ್ಲಾಸ್ಟಿಕ್‌ನದೇ ಒಳ್ಳೆಯದು. ಮಣ್ಣಿನ ಕುಂಡದಿಂದ ಲವಣಗಳು ನಿಧಾನವಾಗಿ ಬಿಡುತ್ತವೆ.

ಎರಡನೆಯದು ನೀರು. ಮಳೆನೀರು ಎಲ್ಲಕ್ಕಿಂತ ಉತ್ತಮ. ಪುಣೆಯ ಮಳೆಗಾಲದಲ್ಲಿ ಎರಡು ಕ್ಯಾನ್ ತುಂಬಿಸಿ ಮುಚ್ಚಳ ಹಾಕಿ ಇಟ್ಟುಕೊಂಡರೆ ನಾಲ್ಕೈದು ಗಿಡಕ್ಕೆ ಬಹಳ ದಿನ ಬರುತ್ತದೆ. ಡಿಸ್ಟಿಲ್ಡ್ ವಾಟರ್ ಆಗುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರನ್ನೂ ಬಹಳ ಮಂದಿ ಬಳಸುತ್ತಾರೆ, ಪೈಪು ಮಾತ್ರ ಸ್ವಚ್ಛವಿರಲಿ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಖಂಡಿತ ಬೇಡ. ಆರ್‌ಒ ನೀರೂ ಎಲ್ಲ ಮನೆಯಲ್ಲಿ ಒಂದೇ ಅಲ್ಲ. ಕೆಲವು ಯಂತ್ರಗಳು ರುಚಿಗಾಗಿ ಖನಿಜಗಳನ್ನು ಮತ್ತೆ ಸೇರಿಸುತ್ತವೆ. ಒಂದು ಟಿಡಿಎಸ್ ಮೀಟರ್ ಕೊಂಡರೆ ಅನುಮಾನ ತೀರುತ್ತದೆ. 50ಕ್ಕಿಂತ ಕಡಿಮೆ ತೋರಿಸಿದರೆ ಆ ನೀರು ನಡೆಯುತ್ತದೆ.

ನೀರನ್ನು ಮೇಲಿಂದ ಹೊಯ್ಯಬಾರದು, ಅಂಟು ತೊಳೆದುಹೋಗುತ್ತದೆ. ಕುಂಡದ ಕೆಳಗೆ ತಟ್ಟೆ ಇಟ್ಟು ಅದರಲ್ಲಿ ಒಂದೆರಡು ಸೆಂಟಿಮೀಟರ್ ನೀರು ನಿಲ್ಲಿಸಿ. ಇಲ್ಲಿ ಒಂದು ಎಚ್ಚರಿಕೆ. ಕುಂಡದ ತಟ್ಟೆಯ ಶುದ್ಧ ನೀರೇ ಡೆಂಗಿ ಸೊಳ್ಳೆಗೆ ಮೊಟ್ಟೆಯಿಡುವ ಜಾಗ. ಆದ್ದರಿಂದ ಮೂರ್ನಾಲ್ಕು ದಿನಕ್ಕೊಮ್ಮೆ ತಟ್ಟೆಯ ನೀರು ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆದು, ಹೊಸ ನೀರು ಹಾಕಿ. ಸೊಳ್ಳೆ ತಿನ್ನುವ ಗಿಡ ತಂದು ಸೊಳ್ಳೆ ಸಾಕಿದೆವು ಎಂದು ಸೊಸೈಟಿಯವರು ನಗುವಂತಾಗಬಾರದು!

ಮೂರನೆಯದು ಬಿಸಿಲು. ಟಿವಿಯ ಪಕ್ಕದಲ್ಲಿ, ಷೋಕೇಸಿನಲ್ಲಿ ಇದು ಬದುಕುವುದಿಲ್ಲ. ದಿನಕ್ಕೆ ನಾಲ್ಕೈದು ತಾಸು ನೇರ ಬಿಸಿಲು ಬೇಕು. ಪೂರ್ವದ ಬಾಲ್ಕನಿ ಹೇಳಿ ಮಾಡಿಸಿದ ಜಾಗ. ಬೆಳಕು ಸಾಕಾದರೆ ಎಲೆ ಕೆಂಪಾಗುತ್ತದೆ, ಹನಿ ತುಂಬಿ ನಿಲ್ಲುತ್ತದೆ. ಎಲೆ ಹಸಿರಾಗಿ ಜೋಲು ಬಿದ್ದು ಹನಿ ಇಲ್ಲದಿದ್ದರೆ ಮೊದಲು ಬೆಳಕನ್ನು ಅನುಮಾನಿಸಿ. ಹೊಸದಾಗಿ ತಂದ ಗಿಡದಲ್ಲಿ ಒಂದೆರಡು ವಾರ ಹನಿ ಇರದಿದ್ದರೆ ಗಾಬರಿ ಬೇಡ, ಅದು ಜಾಗಕ್ಕೆ ಒಗ್ಗಿಕೊಳ್ಳುತ್ತಿರುತ್ತದೆ. ಪುಣೆಯ ಏಪ್ರಿಲ್, ಮೇ ತಿಂಗಳ ಒಣಹವೆ ಕಷ್ಟದ ಕಾಲ. ಆಗ ಬೆಳಗಿನ ಬಿಸಿಲು ಮಾತ್ರ ಕೊಟ್ಟು, ಮಧ್ಯಾಹ್ನ ನೆರಳು ಮಾಡಿ, ತಟ್ಟೆಯ ನೀರು ಒಣಗದಂತೆ ನೋಡಿಕೊಳ್ಳಿ.

ನಾಲ್ಕನೆಯದು ಊಟ. ಬಾಲ್ಕನಿಯಲ್ಲಿದ್ದರೆ ತನಗೆ ಬೇಕಾದ ಸಣ್ಣ ನೊಣಗಳನ್ನು ತಾನೇ ಹಿಡಿದುಕೊಳ್ಳುತ್ತದೆ. ಡಾರ್ವಿನ್ ಮಗ ಫ್ರಾನ್ಸಿಸ್ 1870ರ ದಶಕದಲ್ಲಿ ಕೆಲವು ಗಿಡಗಳ ಎಲೆಗೆ ಮಾಂಸದ ಸಣ್ಣ ಚೂರು ಕೊಟ್ಟು, ಕೆಲವನ್ನು ಹಾಗೇ ಬಿಟ್ಟು ಹೋಲಿಸಿದರು. ಎಲೆಗೆ ಊಟ ಸಿಕ್ಕ ಗಿಡಗಳು ಬಹಳ ಹೆಚ್ಚು ಬೀಜ ಕಟ್ಟಿದವು. ಸಿಗದವೂ ಬದುಕಿದವು. ಅಂದರೆ ಕೀಟ ಸಿಗದಿದ್ದರೆ ಗಿಡ ನಿಧಾನವಾಗುತ್ತದೆ, ಕೂಡಲೇ ಸಾಯುವುದಿಲ್ಲ. ಹಾಗೆಂದು ಮನೆಯಲ್ಲಿ ಮಾಂಸದ ಚೂರು, ಪನೀರು ಎಲೆಗೆ ಇಡಬೇಡಿ. ಸ್ವಲ್ಪ ಹೆಚ್ಚಾದರೂ ಕೊಳೆತು ಬೂಷ್ಟು ಬಂದು ಎಲೆ ಕಪ್ಪಾಗುತ್ತದೆ.

ಮೊದಲ ಸಲ ಬೆಳೆಸುವವರಿಗೆ ಡ್ರಾಸೆರಾ ಸ್ಪ್ಯಾಚುಲಾಟಾ ಅಥವಾ ದಕ್ಷಿಣ ಆಫ್ರಿಕಾ ಮೂಲದ ಡ್ರಾಸೆರಾ ಕಪೆನ್ಸಿಸ್ ಸುಲಭ. ಇವು ವರ್ಷಗಟ್ಟಲೆ ಬಾಳುತ್ತವೆ. ಆರೋಗ್ಯವಾದ ಒಂದು ಎಲೆಯನ್ನು ಬುಡಸಮೇತ ತೆಗೆದು ಒದ್ದೆ ಪಾಚಿಯ ಮೇಲೆ ಮಲಗಿಸಿ, ಮುಚ್ಚಿದ ಡಬ್ಬಿಯಲ್ಲಿ ಬೆಳಕಿರುವೆಡೆ ಇಟ್ಟರೆ ಕೆಲವು ವಾರಗಳಲ್ಲಿ ಎಲೆಯ ಮೇಲೆಯೇ ಮರಿಗಿಡಗಳು ಏಳುತ್ತವೆ. ಹಂಚಿಕೊಳ್ಳಲು ಇದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ. ಬೀಜ ಹಾಕುವುದಾದರೆ ಮೇಲೆ ಉದುರಿಸಿ ಬಿಡಿ, ಮುಚ್ಚಬೇಡಿ. ಮೊಳೆಯಲು ಅದಕ್ಕೆ ಬೆಳಕು ಬೇಕು.

ಕೊನೆಯದಾಗಿ ಒಂದು ಕೋರಿಕೆ. ಕಾಸ್‌ನಿಂದಾಗಲಿ, ಊರಿನ ಪದವಿನಿಂದಾಗಲಿ ಈ ಗಿಡವನ್ನು ಕಿತ್ತು ತರಬೇಡಿ. ಮನೆಯಲ್ಲಿ ಅದು ಉಳಿಯುವುದು ತೀರಾ ಅಪರೂಪ. ಬೀಜ ಕಟ್ಟುವ ಮೊದಲೇ ಕಿತ್ತರೆ ಮುಂದಿನ ಮಳೆಗೆ ಅಲ್ಲಿ ಮೊಳೆಯುವುದಕ್ಕೆ ಏನೂ ಉಳಿಯುವುದಿಲ್ಲ. ಅಂಗಾಂಶ ಕೃಷಿಯಿಂದಲೋ ಬೀಜದಿಂದಲೋ ಬೆಳೆಸಿದ ಗಿಡ ಮಾರುವವರಿದ್ದಾರೆ. ಕೊಳ್ಳುವಾಗ, ಕಾಡಿನಿಂದ ತಂದದ್ದಲ್ಲವಷ್ಟೇ ಎಂದು ಕೇಳಿ. ಕೇಳುವವರು ಹೆಚ್ಚಾದರೆ ತರುವವರು ಕಡಿಮೆಯಾಗುತ್ತಾರೆ.

2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕಾಸ್ ಕೂಡ ಅದರಲ್ಲಿತ್ತು. ಹೂವಿನ ಕಾಲದಲ್ಲಿ ಅಲ್ಲಿಗೆ ಬರುವವರ ಸಂಖ್ಯೆಗೆ ಮಿತಿ ಇದೆ, ಮೊದಲೇ ಬುಕ್ ಮಾಡಿ ಹೋಗಬೇಕು. ಕಿರಿಕಿರಿ ಎನ್ನಿಸಿದರೂ ಅದು ಒಳ್ಳೆಯದೇ. ನಾಣ್ಯದಗಲದ ಗಿಡಕ್ಕೆ ನಮ್ಮ ಒಂದು ಹೆಜ್ಜೆ ಸಾಕು. ಆದರೆ ನಮ್ಮ ಕಡೆಯ ಪದವುಗಳಿಗೆ ಅಂಥ ಕಾವಲಿಲ್ಲ. ಏನೂ ಬೆಳೆಯದ ಬಂಜರು ಎಂದು ಕರೆದು ಕಲ್ಲು ಕೀಳುತ್ತೇವೆ, ಲೇಔಟ್ ಮಾಡುತ್ತೇವೆ, ಕಸ ಸುರಿಯುತ್ತೇವೆ. ಮಣ್ಣು ಹೊಯ್ದು ಗಿಡ ನೆಟ್ಟು ಹಸಿರು ಮಾಡಿದೆವು ಎಂದು ಹೆಮ್ಮೆಪಡುವುದೂ ಉಂಟು. ಕುಂಡದಲ್ಲಿ ಗೊಬ್ಬರ ಮಾಡುವ ಕೆಲಸವನ್ನೇ ಆ ಮಣ್ಣು ಪದವಿನಲ್ಲಿ ಮಾಡುತ್ತದೆ. ರಜೆಗೆ ಊರಿಗೆ ಹೋದಾಗ, ಆ ಬಯಲು ಬಂಜರಲ್ಲ, ಮಳೆಗಾಲದಲ್ಲಿ ಬಗ್ಗಿ ನೋಡಿ ಎಂದು ಮನೆಯವರಿಗೆ, ಪಂಚಾಯಿತಿಯಲ್ಲಿ ಪರಿಚಯ ಇದ್ದವರಿಗೆ ಒಂದು ಮಾತು ಹೇಳಿ.

ಹೆಣ್ಣುಮಕ್ಕಳಾದ ನಮಗೆ ಚಿಕ್ಕಂದಿನಿಂದ ಪ್ರೀತಿ ಎಂದರೆ ಬಡಿಸುವುದು ಎಂದೇ ಅಭ್ಯಾಸ. ಇನ್ನೊಂದು ಸೌಟು ಹಾಕಿದರೇ ಸಮಾಧಾನ. ಈ ಗಿಡ ಕೇಳುವುದು ಬೇರೆ ಥರದ ಪ್ರೀತಿ: ಇದಕ್ಕೆ ಏನು ಬೇಕು ಎಂದು ಮೊದಲು ತಿಳಿದುಕೊಳ್ಳುವುದು, ಬೇಡದ್ದನ್ನು ಕೈಯಲ್ಲಿದ್ದರೂ ಹಾಕದಿರುವುದು. ಒಂದು ಕುಂಡ ತಂದು ಒಂದು ವರ್ಷ ಬೆಳೆಸಿ ನೋಡಿ. ಮುಂದಿನ ಮಳೆಗಾಲದ ಸಭೆಗೆ ನಿಮ್ಮ ಮರಿಗಿಡಗಳನ್ನು ತನ್ನಿ, ಹಂಚಿಕೊಳ್ಳೋಣ.